ಅಮ್ಮನಿಲ್ಲದ ಮನೆಯಲ್ಲಿ ಮಗಳು ಸಾವಿನ ಕಾದಂಬರಿ ಓದುತ್ತಾಳೆ. ಕಿತ್ತುಕೊಳ್ಳಲೇ?

ಪ್ರಶ್ನೆ: ಶಿಡ್ಲಘಟ್ಟದಲ್ಲಿ ಸಣ್ಣದೊಂದು ರೇಷ್ಮೆ ರೀಲಿಂಗ್ ಘಟಕ ನಡೆಸುತ್ತೇನೆ. ನಾನು ಓದಿದ್ದು ಕನ್ನಡ ಮಾಧ್ಯಮದಲ್ಲಿ, ಎಸ್ಸೆಸ್ಸೆಲ್ಸಿವರೆಗೆ. ಮನೆಮಾತು ತೆಲುಗು. ನನ್ನ ಹೆಂಡತಿ ಕಿಡ್ನಿ ಕಾಯಿಲೆಯಿಂದ ತೀರಿಕೊಂಡು 14 ತಿಂಗಳಾಯಿತು. ಅದಕ್ಕೂ ಮುಂಚೆ ಎರಡು ವರ್ಷ ಡಯಾಲಿಸಿಸ್‌ಗೆಂದು ಚಿಕ್ಕಬಳ್ಳಾಪುರಕ್ಕೆ ಓಡಾಡಿದೆವು. ನನಗೆ ಕೆಲಸ ಬಿಟ್ಟು ಹೋಗಲು ಆಗದ ದಿನ ಮಗಳೇ ಅಮ್ಮನ ಜೊತೆ ಹೋಗುತ್ತಿದ್ದಳು. ಈಗ ಅವಳಿಗೆ 17 ವರ್ಷ, ಸೆಕೆಂಡ್ ಪಿಯುಸಿ ಸೈನ್ಸ್.

ಐದಾರು ತಿಂಗಳಿಂದ ಇಂಗ್ಲಿಷ್ ಕಾದಂಬರಿಗಳ ಹುಚ್ಚು ಹಿಡಿದಿದೆ. ಗೆಳತಿಯಿಂದ ತರುತ್ತಾಳೆ, ಮೊಬೈಲಿನಲ್ಲೂ ಓದುತ್ತಾಳೆ. ರಾತ್ರಿ ಒಂದು ಗಂಟೆಯಾದರೂ ಕೋಣೆಯಲ್ಲಿ ಬೆಳಕು. ಓದುತ್ತಾ ಅಳುತ್ತಾಳೆ. ಎರಡು ಪುಸ್ತಕಗಳ ಕೆಲವು ಪುಟಗಳನ್ನು ಫೋನಿನ ಕ್ಯಾಮೆರಾ ಹಿಡಿದು ಕನ್ನಡಕ್ಕೆ ಮಾಡಿಕೊಂಡು ನೋಡಿದೆ. ಒಂದು 'ದಿ ಫಾಲ್ಟ್ ಇನ್ ಅವರ್ ಸ್ಟಾರ್ಸ್'. ಅದರಲ್ಲಿ ಕ್ಯಾನ್ಸರ್ ಬಂದ ಹುಡುಗ ಹುಡುಗಿಯ ಪ್ರೀತಿ. ಇನ್ನೊಂದು 'ಎ ಮಾನ್‌ಸ್ಟರ್ ಕಾಲ್ಸ್'. ಅದರಲ್ಲಿ ಹುಡುಗನ ಅಮ್ಮ ಸಾಯುವ ಸ್ಥಿತಿಯಲ್ಲಿದ್ದಾಳೆ. ಮಗಳ ನೋಟ್‌ಬುಕ್ಕಿನ ಕೊನೆಯ ಪುಟಗಳಲ್ಲಿ 'ನಾನು ಯಾರು, ನನಗೇನು ಬೇಕು' ಎಂದೆಲ್ಲ ಬರೆದುಕೊಂಡಿರುವುದನ್ನೂ ನೋಡಿದೆ.

ಅವಳಿಗೆ ನೋವಾಗಬಾರದು ಎಂದು ಮನೆಯಲ್ಲಿ ಯಾರೂ ಅವಳ ಅಮ್ಮನ ಮಾತು ಎತ್ತುವುದಿಲ್ಲ. ಫೋಟೋ ಕೂಡ ಬೀರುವಿನಲ್ಲಿ ಇಟ್ಟಿದ್ದೇವೆ. ನಾನು ಅವಳ ಮುಂದೆ ಒಂದು ಹನಿ ಕಣ್ಣೀರು ಹಾಕಿಲ್ಲ. ಇಷ್ಟು ಮಾಡಿದರೂ ಈ ಪುಸ್ತಕಗಳು ಗಾಯ ಕೆದಕುತ್ತಿವೆ. ಇಂಥವನ್ನು ಓದಿ ಸಾಯುವ ಯೋಚನೆ ಬಂದರೆ? ಪ್ರೀತಿ ಪ್ರೇಮ ಅಂತ ಹೋದರೆ? ಮಾರ್ಚ್‌ನಲ್ಲಿ ಪರೀಕ್ಷೆ ಬೇರೆ. ಪುಸ್ತಕ, ಫೋನು ಎರಡನ್ನೂ ಕಿತ್ತುಕೋ, ಪಿಯುಸಿ ಮುಗಿದ ಕೂಡಲೇ ಮದುವೆ ಮಾಡು ಎಂದು ನನ್ನ ಅಕ್ಕ ಹೇಳುತ್ತಾಳೆ. ಏನು ಮಾಡಲಿ?

ಉತ್ತರ: ಪುಸ್ತಕ ಕಿತ್ತುಕೊಳ್ಳಬೇಡಿ. ಫೋನಿನ ವಿಷಯ ಬೇರೆ, ಅದಕ್ಕೆ ಆಮೇಲೆ ಬರುತ್ತೇನೆ.

ನೀವು ಹೆದರಿರುವುದು ಸಹಜ. ಹೆಂಡತಿಯನ್ನು ಕಳೆದುಕೊಂಡಿದ್ದೀರಿ, ಮಗಳನ್ನೂ ಎಲ್ಲಿ ಕಳೆದುಕೊಳ್ಳುತ್ತೇನೋ ಎಂಬ ದಿಗಿಲು ನಿಮ್ಮ ಪತ್ರದ ಉದ್ದಕ್ಕೂ ಇದೆ. ದುಃಖದಿಂದ ಹೊರಗೆ ಬರುವುದೇ ಇಲ್ಲವೇನೋ, ಜೀವಕ್ಕೆ ಏನಾದರೂ ಮಾಡಿಕೊಂಡಾಳೇನೋ, ಯಾರ ಹಿಂದಾದರೂ ಹೋದಾಳೇನೋ. ಈ ಮೂರೂ ಭಯಕ್ಕೆ ಪುಸ್ತಕವೇ ಕಾರಣ ಎಂದು ನಿಮಗೆ ಅನ್ನಿಸಿದೆ. ನನ್ನ ಕಣ್ಣು ನಿಂತದ್ದು ಮಾತ್ರ ಬೇರೆ ಸಾಲಿನ ಮೇಲೆ. ಅಮ್ಮನ ಮಾತು ಎತ್ತುವುದಿಲ್ಲ, ಫೋಟೋ ಬೀರುವಿನಲ್ಲಿದೆ, ನಾನು ಅತ್ತಿಲ್ಲ ಎಂದು ಬರೆದಿದ್ದೀರಲ್ಲ, ಆ ಸಾಲು.

ನಿಮ್ಮ ಮಗಳ ಜಾಗದಲ್ಲಿ ಕೂತು ನೋಡೋಣ. ಎರಡು ವರ್ಷ ಅಮ್ಮನ ಜೊತೆ ಬಸ್ಸಿನಲ್ಲಿ ಹೋಗಿ, ಡಯಾಲಿಸಿಸ್ ಯಂತ್ರದ ಪಕ್ಕ ನಾಲ್ಕು ಗಂಟೆ ಕೂತು, ಸುಸ್ತಾದ ಅಮ್ಮನನ್ನು ಹಿಡಿದುಕೊಂಡು ವಾಪಸ್ ಬಂದ ಹುಡುಗಿ ಅವಳು. ಅಮ್ಮ ಹೋದ ಮೇಲೆ ಆ ಎರಡು ವರ್ಷದ ಬಗ್ಗೆ ಮನೆಯಲ್ಲಿ ಯಾರೂ ಮಾತಾಡುತ್ತಿಲ್ಲ. ಅಪ್ಪ ಅಳುವುದಿಲ್ಲ. ಗೋಡೆಯ ಮೇಲೆ ಫೋಟೋ ಇಲ್ಲ. ಅಂಥ ಮನೆಯಲ್ಲಿ ಅಮ್ಮನ ಸಾವಿನ ಬಗ್ಗೆ ಅವಳ ಜೊತೆ ಮಾತಾಡುತ್ತಿರುವುದು ಆ ಪುಸ್ತಕಗಳು ಮಾತ್ರ. ಅವನ್ನೂ ಕಿತ್ತುಕೊಂಡರೆ ಏನು ಉಳಿಯುತ್ತದೆ?

ಅವು ಎಂಥ ಪುಸ್ತಕಗಳು ಎಂದು ನಿಮಗೆ ತಿಳಿಯಬೇಕು. ಕ್ಯಾಮೆರಾ ಹಿಡಿದು ಅಲ್ಲೊಂದು ಇಲ್ಲೊಂದು ಪುಟ ನೋಡಿದರೆ ಮುತ್ತು, ಸಾವು, ಆಸ್ಪತ್ರೆ ಇಷ್ಟೇ ಕಾಣುತ್ತದೆ.

'ಎ ಮಾನ್‌ಸ್ಟರ್ ಕಾಲ್ಸ್' ಬಂದದ್ದು 2011ರಲ್ಲಿ, ಬರೆದವರು ಪ್ಯಾಟ್ರಿಕ್ ನೆಸ್. ಕಥೆಯ ಮೂಲ ಕಲ್ಪನೆ ಶಿವಾನ್ ಡೌಡ್ ಎಂಬ ಲೇಖಕಿಯದು. ಅವರು ಸ್ತನ ಕ್ಯಾನ್ಸರ್‌ನಿಂದ 2007ರಲ್ಲಿ ತೀರಿಕೊಂಡರು, ಬರೆದು ಮುಗಿಸಲು ಆಗಲಿಲ್ಲ. ಕಥೆಯಲ್ಲಿ ಕಾನರ್ ಎಂಬ 13 ವರ್ಷದ ಹುಡುಗನ ಅಮ್ಮನಿಗೆ ಕ್ಯಾನ್ಸರ್. ರಾತ್ರಿ ಮರದ ರೂಪದ ದೈತ್ಯವೊಂದು ಬಂದು ಅವನಿಗೆ ಮೂರು ಕಥೆ ಹೇಳುತ್ತದೆ. ನಾಲ್ಕನೆಯದನ್ನು ನೀನು ಹೇಳಬೇಕು, ಅದು ನಿಜವಾಗಿರಬೇಕು ಎನ್ನುತ್ತದೆ. ಆ ಹುಡುಗ ಯಾರಿಗೂ ಹೇಳದೆ ಬಚ್ಚಿಟ್ಟುಕೊಂಡ ನಿಜ ಏನು ಗೊತ್ತೇ? ಅಮ್ಮ ಉಳಿಯುವುದಿಲ್ಲ ಎಂದು ಅವನಿಗೆ ಮೊದಲಿಂದಲೂ ಗೊತ್ತಿತ್ತು. ಕಾದು ಕಾದು ಸಾಕಾಗಿ, ಇದೆಲ್ಲ ಒಮ್ಮೆ ಮುಗಿದುಹೋಗಲಿ ಅನ್ನಿಸಿತ್ತು. ಹಾಗೆ ಅನ್ನಿಸಿದ್ದಕ್ಕೇ ಅಮ್ಮ ಸಾಯುತ್ತಿದ್ದಾಳೆ, ತಪ್ಪು ತನ್ನದೇ ಎಂದು ಅವನು ಒಳಗೇ ಬೇಯುತ್ತಿರುತ್ತಾನೆ. ನೋವು ನಿಲ್ಲಲಿ ಅಂದುಕೊಳ್ಳುವುದು ಮನುಷ್ಯ ಸಹಜ, ಅಂದುಕೊಂಡದ್ದೂ ಮಾಡಿದ್ದೂ ಒಂದಲ್ಲ ಎಂದು ದೈತ್ಯ ಅವನಿಗೆ ತಿಳಿಸಿ ಹೇಳುತ್ತದೆ.

ಕಾಯಿಲೆಯವರನ್ನು ವರ್ಷಗಟ್ಟಲೆ ನೋಡಿಕೊಂಡ ಮನೆಗಳ ಮಕ್ಕಳ ಜೊತೆ ಕೆಲಸ ಮಾಡುವ ನನಗೆ ಈ ಮಾತು ತುಂಬ ಪರಿಚಿತ. ಮಕ್ಕಳು ಇದನ್ನು ಮೊದಲ ಭೇಟಿಯಲ್ಲಿ ಹೇಳುವುದಿಲ್ಲ. ಓದಿನಲ್ಲಿ ಮನಸ್ಸಿಲ್ಲ, ತಲೆನೋವು, ನಿದ್ದೆ ಬರಲ್ಲ ಎಂದೆಲ್ಲ ಹೇಳಿ, ಎಷ್ಟೋ ಹೊತ್ತಿನ ಮೇಲೆ ಒಂದು ಸಾಲು ಹೊರಗೆ ಬರುತ್ತದೆ. 'ಆವತ್ತು ಆಸ್ಪತ್ರೆಗೆ ಹೋಗಲು ನನಗೆ ಬೇಜಾರಾಗಿತ್ತು.' 'ನಾನು ಅಮ್ಮನ ಮೇಲೆ ರೇಗಿದ್ದೆ.' 'ಸಾಕಪ್ಪಾ ಅನ್ನಿಸಿತ್ತು.' ದೊಡ್ಡವರಿಗೂ ಅನ್ನಿಸಿರುತ್ತದೆ. ನಿಮಗೂ ಯಾವತ್ತಾದರೂ ಅನ್ನಿಸಿರಬಹುದು. ಆದರೆ ದೊಡ್ಡವರಿಗೆ ಅದು ದಣಿವು ಎಂದು ಗೊತ್ತಾಗುತ್ತದೆ. ಮಕ್ಕಳಿಗೆ ಅದು ಪಾಪದ ಹಾಗೆ ಕಾಣುತ್ತದೆ. ನಿಮ್ಮ ಮಗಳ ಮನಸ್ಸಿನಲ್ಲಿ ಇದೇ ಇದೆ ಎಂದು ನಾನು ಹೇಳುತ್ತಿಲ್ಲ, ಅವಳನ್ನು ನಾನು ನೋಡಿಲ್ಲ. ಆದರೆ ಅಮ್ಮನ ಶುಶ್ರೂಷೆ ಮಾಡಿದ ಹುಡುಗಿ ಆ ಪುಸ್ತಕ ಓದಿ ಅಳುತ್ತಿದ್ದಾಳೆ ಎಂದರೆ, ಅದು ಬರೀ ದುಃಖದ ಅಳುವಾಗಿರದೆ ಸಮಾಧಾನದ ಅಳುವೂ ಆಗಿರಬಹುದು. ನನ್ನ ಹಾಗೆ ಇನ್ನೊಬ್ಬನಿಗೂ ಅನ್ನಿಸಿತ್ತು ಎಂಬ ಸಮಾಧಾನ.

ಇನ್ನೊಂದು, 'ದಿ ಫಾಲ್ಟ್ ಇನ್ ಅವರ್ ಸ್ಟಾರ್ಸ್', 2012ರದು. ಬರೆದ ಜಾನ್ ಗ್ರೀನ್ ಕಾದಂಬರಿಕಾರನಾಗುವ ಮುಂಚೆ ಮಕ್ಕಳ ಆಸ್ಪತ್ರೆಯೊಂದರಲ್ಲಿ ರೋಗಿಗಳಿಗೆ, ಮನೆಯವರಿಗೆ ಧೈರ್ಯ ಹೇಳುವ ಪಾದ್ರಿಯ ಕೆಲಸ ಕಲಿಯುತ್ತಿದ್ದವರು. 2020ರಲ್ಲಿ ಬಂದ 'ದಿಲ್ ಬೇಚಾರಾ' ಹಿಂದಿ ಸಿನಿಮಾ ಇದೇ ಕಥೆ. ಎಲ್ಲರೂ ಇದನ್ನು ಪ್ರೇಮಕಥೆ ಎನ್ನುತ್ತಾರೆ. ಹೌದು. ಆದರೆ ಅದರ ನಾಯಕಿ ಹೇಝಲ್‌ಳನ್ನು ಕಾಡುವ ದೊಡ್ಡ ಚಿಂತೆ ಇನ್ನೊಂದು: ತಾನು ಹೋದ ಮೇಲೆ ಅಪ್ಪ ಅಮ್ಮ ಏನಾಗುತ್ತಾರೆ ಎಂಬುದು. ಅಮ್ಮ ತನಗೆ ಗೊತ್ತಾಗದ ಹಾಗೆ ಸಮಾಜಕಾರ್ಯದ ಓದು ಶುರು ಮಾಡಿದ್ದಾಳೆ, ತಾನಿಲ್ಲದ ಮೇಲೂ ಅವಳಿಗೊಂದು ಬದುಕು ಇರುತ್ತದೆ ಎಂದು ತಿಳಿದಾಗ ಹೇಝಲ್ ಬೇಜಾರು ಮಾಡಿಕೊಳ್ಳುವುದಿಲ್ಲ, ಖುಷಿಪಡುತ್ತಾಳೆ. ಮನೆಯಲ್ಲಿ ಒಬ್ಬರು ಹೋದ ಮೇಲೆ ಉಳಿದವರು ಹೇಗೆ ಬದುಕುತ್ತಾರೆ ಎಂಬುದೇ ಆ ಪುಸ್ತಕದ ಹೊಟ್ಟೆಯಲ್ಲಿರುವ ಪ್ರಶ್ನೆ. ನಿಮ್ಮ ಮಗಳಿಗೆ ಆ ಪ್ರಶ್ನೆ ಯಾರ ಬಗ್ಗೆ ಇರಬಹುದು? ಅವಳಿಗೆ ಉಳಿದಿರುವುದು ನೀವು. ನೀವು ಅಳುವುದಿಲ್ಲ, ಹೇಳುವುದೂ ಇಲ್ಲ. ಅಪ್ಪ ಒಳಗೊಳಗೇ ಕುಸಿಯುತ್ತಿದ್ದಾನಾ, ಅಥವಾ ಅಪ್ಪನಿಗೆ ಏನೂ ಅನ್ನಿಸುತ್ತಿಲ್ಲವಾ? ಎರಡರಲ್ಲಿ ಯಾವುದು ಎಂದು ಅವಳಿಗೆ ತಿಳಿಯುವ ದಾರಿಯೇ ಇಲ್ಲ.

ಈಗ ನಾಲ್ಕು ಜನ ಹೇಳುವ ಮಾತುಗಳಿಗೆ ಬರೋಣ.

'ವರ್ಷದ ತಿಥಿ ಆಯಿತು, ಇನ್ನೂ ಅಳುತ್ತಾಳೆ.' ದುಃಖಕ್ಕೆ ಕ್ಯಾಲೆಂಡರ್ ಇಲ್ಲ. ಐದು ಹಂತಗಳಿವೆ, ಒಂದೊಂದಾಗಿ ದಾಟಿ ಕೊನೆಗೆ ಒಪ್ಪಿಕೊಳ್ಳುತ್ತಾರೆ ಎಂಬ ಮಾತನ್ನು ನೀವು ಕೇಳಿರಬಹುದು. ಅದನ್ನು ಮನೋವೈದ್ಯೆ ಎಲಿಜಬೆತ್ ಕ್ಯೂಬ್ಲರ್-ರಾಸ್ 1969ರಲ್ಲಿ ಬರೆದದ್ದು ಸಾಯುತ್ತಿರುವ ರೋಗಿಗಳನ್ನು ನೋಡಿ. ಉಳಿದವರಿಗೆ ಅದೇ ಲೆಕ್ಕ ಹಿಡಿದದ್ದು ಆಮೇಲೆ. ಹಾಗಂತ ಎಷ್ಟು ದಿನವಾದರೂ ಪರವಾಗಿಲ್ಲ ಎಂದೂ ಅಲ್ಲ. ಮನೋವೈದ್ಯರು ಬಳಸುವ ಕೈಪಿಡಿಯಲ್ಲಿ 2022ರಿಂದ 'ದೀರ್ಘಕಾಲದ ಶೋಕ' ಎಂಬುದೊಂದು ತೊಂದರೆಯಾಗಿ ಸೇರಿದೆ. ದೊಡ್ಡವರಿಗೆ ಒಂದು ವರ್ಷ, ಮಕ್ಕಳಿಗೆ, ಹದಿಹರೆಯದವರಿಗೆ ಆರು ತಿಂಗಳು ದಾಟಿದ ಮೇಲೂ ಹೆಚ್ಚುಕಡಿಮೆ ದಿನವೂ ತೀವ್ರ ಹಂಬಲ, ನಂಬಲು ಆಗದ ಸ್ಥಿತಿ, ಬದುಕಿಗೆ ಅರ್ಥವೇ ಇಲ್ಲ ಅನ್ನಿಸುವುದು, ಅದರಿಂದ ಓದು, ಗೆಳೆತನ, ಊಟ ಎಲ್ಲ ಕೆಡುವುದು ಅದರ ಲಕ್ಷಣ. ತಿಂಗಳ ಲೆಕ್ಕ ಹಿಡಿದರೆ ನಿಮ್ಮ ಮಗಳು ಆ ಗಡಿ ದಾಟಿದ್ದಾಳೆ. ಆದರೆ ತಿಂಗಳಿಗಿಂತ ಮುಖ್ಯ, ದಿನ ಹೇಗೆ ಸಾಗುತ್ತಿದೆ ಎಂಬುದು. ಕಾಲೇಜಿಗೆ ಹೋಗುತ್ತಾಳಾ, ಗೆಳತಿ ಇದ್ದಾಳಾ, ನಗುತ್ತಾಳಾ, ಊಟ ಮಾಡುತ್ತಾಳಾ? ಪುಸ್ತಕ ತಂದುಕೊಡುವ ಗೆಳತಿ ಒಬ್ಬಳಿದ್ದಾಳೆ ಎಂದು ನೀವೇ ಬರೆದಿದ್ದೀರಿ. ಅದು ನನಗೆ ಒಳ್ಳೆಯ ಸುದ್ದಿ.

'ಮರೆಯಬೇಕೆಂದರೆ ನೆನಪಿಸಬಾರದು.' ಇದು ತಪ್ಪು, ನಮ್ಮ ಹಿರಿಯರ ನಡವಳಿಕೆಗೂ ವಿರುದ್ಧ. ಪಿತೃಪಕ್ಷದಲ್ಲಿ ಹೋದವರಿಗೆ ಎಡೆ ಇಡುತ್ತೇವೆ, ಅವರಿಗೆ ಇಷ್ಟವಾದದ್ದನ್ನೇ ಮಾಡಿ ಬಡಿಸುತ್ತೇವೆ, ಅಲ್ವಾ? ಸತ್ತವರ ಜೊತೆ ನಂಟು ಕಡಿದುಕೊಂಡರೇ ದುಃಖ ಕಳೆಯುತ್ತದೆ ಎಂದು ಪಶ್ಚಿಮದ ಮನಶ್ಶಾಸ್ತ್ರ ಬಹಳ ಕಾಲ ನಂಬಿತ್ತು. 1996ರಲ್ಲಿ ಡೆನಿಸ್ ಕ್ಲಾಸ್ ಮತ್ತು ಇನ್ನಿಬ್ಬರು ಒಂದು ಪುಸ್ತಕ ತಂದು, ಹಾಗಲ್ಲ, ನಂಟು ಬೇರೆ ರೂಪದಲ್ಲಿ ಮುಂದುವರಿಯುತ್ತದೆ, ಅದು ಆರೋಗ್ಯಕರವೇ ಎಂದು ವಾದಿಸಿದರು. ನಮ್ಮಲ್ಲಿ ಅಜ್ಜಿಯರಿಗೆ ಇದು ಗೊತ್ತಿತ್ತು.

'ಕಾದಂಬರಿ ಓದಿದರೆ ಹುಡುಗಿಯರು ಕೆಡುತ್ತಾರೆ.' ಈ ಮಾತು ಕನ್ನಡ ಕಾದಂಬರಿಯಷ್ಟೇ ಹಳೆಯದು. ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ಎಂದು ಹೆಸರಾದ ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ' ಬಂದದ್ದು 1899ರಲ್ಲಿ. ಅದರಲ್ಲಿ ಏನಿದೆ? ಗಂಡನನ್ನು ಕಳೆದುಕೊಂಡ ಚಿಕ್ಕ ವಯಸ್ಸಿನ ಹುಡುಗಿ ಮನೆಯವರು ಹಾಕಿದ ದಾರಿ ಬೇಡವೆಂದು ಹೊರಟು, ಓದು ಕಲಿತು, ತಾನು ಒಪ್ಪಿದವನನ್ನು ಮದುವೆಯಾಗುತ್ತಾಳೆ. ಪ್ರೀತಿ, ಸಾವು, ತನ್ನನ್ನು ತಾನು ಕಂಡುಕೊಳ್ಳುವುದು, ಮೂರೂ ಇವೆ. ಈಗ ಅಂಗಡಿಯಲ್ಲಿ ಹದಿಹರೆಯದವರ ಕಾದಂಬರಿ ಎಂದು ಬೇರೆ ಕಪಾಟು ಮಾಡುತ್ತಾರೆ, ಅಷ್ಟೇ ವ್ಯತ್ಯಾಸ. ಅಮೆರಿಕದಲ್ಲಿ ಈ ಬಗೆಯ ಬರವಣಿಗೆಗೆ ದೊಡ್ಡ ತಿರುವು ಕೊಟ್ಟ 'ದಿ ಔಟ್‌ಸೈಡರ್ಸ್' ಕಾದಂಬರಿಯನ್ನು ಎಸ್. ಇ. ಹಿಂಟನ್ ಬರೆಯಲು ಶುರು ಮಾಡಿದ್ದು 15ನೇ ವಯಸ್ಸಿನಲ್ಲಿ. 1967ರಲ್ಲಿ ಅದು ಅಚ್ಚಾದಾಗ ಆಕೆಗೆ 18. ಅದರ ಮೂವರು ಅಣ್ಣತಮ್ಮಂದಿರಿಗೂ ಅಪ್ಪ ಅಮ್ಮ ಇಲ್ಲ. ಈ ಕಥೆಗಳಲ್ಲಿ ಅಪ್ಪ ಅಮ್ಮ ಸತ್ತಿರುವುದು, ದೂರ ಇರುವುದು ಬಹಳ ಸಾಮಾನ್ಯ. ದೊಡ್ಡವರು ಪಕ್ಕದಲ್ಲಿದ್ದರೆ ನಿರ್ಧಾರ ಅವರೇ ಮಾಡಿಬಿಡುತ್ತಾರೆ, ಕಥೆ ಮುಂದಕ್ಕೆ ಹೋಗುವುದಿಲ್ಲ. ಹಾಗಾಗಿ ತಾಯಿಯಿಲ್ಲದ ಹುಡುಗಿಗೆ ಇವು ಬೇಗ ಹತ್ತಿರವಾಗುತ್ತವೆ.

ಇನ್ನು ನಿಮ್ಮ ಅತಿ ದೊಡ್ಡ ಭಯ, ಸಾಯುವ ಯೋಚನೆ. ಇದನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಪುಸ್ತಕದಿಂದ ಏನೂ ಆಗುವುದೇ ಇಲ್ಲ ಎಂದು ಹೇಳುವವರನ್ನೂ ಪೂರ್ತಿ ಒಪ್ಪುವುದಿಲ್ಲ. 1774ರಲ್ಲಿ ಜರ್ಮನ್ ಕವಿ ಗಯಟೆ ಬರೆದ ಕಾದಂಬರಿಯಲ್ಲಿ ವೆರ್ಟರ್ ಎಂಬ ಯುವಕ ಪ್ರೇಮವೈಫಲ್ಯದಿಂದ ಆತ್ಮಹತ್ಯೆ ಮಾಡಿಕೊಳ್ಳುತ್ತಾನೆ. ಯುವಕರು ಅವನನ್ನು ಅನುಕರಿಸುತ್ತಾರೆಂಬ ಹೆದರಿಕೆಯಿಂದ ಮಾರನೇ ವರ್ಷ ಲೈಪ್‌ಜಿಗ್ ನಗರದಲ್ಲಿ ಪುಸ್ತಕವನ್ನೂ, ಅವನ ಹಾಗೆ ಬಟ್ಟೆ ತೊಡುವುದನ್ನೂ ನಿಷೇಧಿಸಿದರು. ಸುದ್ದಿಯಲ್ಲಿ ಆತ್ಮಹತ್ಯೆಯನ್ನು ವೈಭವೀಕರಿಸಿದಾಗ ಅನುಕರಣೆ ಹೆಚ್ಚುತ್ತದೆ ಎಂದು ಸಮಾಜಶಾಸ್ತ್ರಜ್ಞ ಡೇವಿಡ್ ಫಿಲಿಪ್ಸ್ 1974ರಲ್ಲಿ ತೋರಿಸಿ, ಅದಕ್ಕೆ ವೆರ್ಟರ್ ಹೆಸರನ್ನೇ ಇಟ್ಟರು. 2017ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಬಂದ '13 ರೀಸನ್ಸ್ ವೈ' ಸರಣಿಯೂ ಇಂಥದ್ದೇ ಟೀಕೆಗೆ ಸಿಕ್ಕಿ, 2019ರಲ್ಲಿ ಆತ್ಮಹತ್ಯೆಯ ದೃಶ್ಯವನ್ನು ತೆಗೆದುಹಾಕಿತು. ಆದರೆ ಇದರ ಇನ್ನೊಂದು ಮುಖವೂ ಇದೆ. ಕಷ್ಟದಲ್ಲಿದ್ದವನು ಸಾಯದೆ ಹೇಗೆ ದಾಟಿಕೊಂಡ ಎಂದು ಹೇಳುವ ಬರಹಗಳಿಂದ ಆತ್ಮಹತ್ಯೆ ಕಡಿಮೆಯಾಗುವುದರ ಜೊತೆ ಸಂಬಂಧ ಇದೆ ಎಂದು 2010ರ ಆಸ್ಟ್ರಿಯಾದ ಅಧ್ಯಯನ ಕಂಡಿತು. ಹಾಗಾಗಿ ನಾನು ಕೇಳುವುದು ಪುಸ್ತಕದಲ್ಲಿ ಸಾವು ಇದೆಯೇ ಎಂದಲ್ಲ. ಸಾವನ್ನು ಪರಿಹಾರದ ಹಾಗೆ ತೋರಿಸಿದೆಯೇ, ಉಳಿದವರು ಬದುಕುವುದನ್ನು ತೋರಿಸಿದೆಯೇ ಎಂದು. ನೀವು ಹೆಸರಿಸಿದ ಎರಡು ಪುಸ್ತಕಗಳೂ ಎರಡನೆಯ ಬಗೆಯವು. ಅವುಗಳಲ್ಲಿ ಸಾವು ಕಾಯಿಲೆಯಿಂದ ಬರುತ್ತದೆ, ಯಾರೂ ಅದನ್ನು ಆರಿಸಿಕೊಳ್ಳುವುದಿಲ್ಲ.

ನಿಜವಾಗಿ ಎಚ್ಚರವಾಗಬೇಕಾದ ಗುರುತುಗಳು ಪುಸ್ತಕದ ಹೊರಗಿರುತ್ತವೆ. 'ನಾನಿಲ್ಲದಿದ್ದರೆ ನಿಮಗೆಲ್ಲ ಹಗುರ' ಎಂಬಂಥ ಮಾತು. ಇಷ್ಟದ ವಸ್ತುಗಳನ್ನು ಸುಮ್ನೆ ಹಂಚಿಬಿಡುವುದು. ಮೈಮೇಲೆ ಗಾಯ ಮಾಡಿಕೊಂಡ ಗುರುತು, ಸೆಕೆಯಲ್ಲೂ ತುಂಬುತೋಳು. ಊಟ ಬಿಡುವುದು, ಗೆಳತಿಯನ್ನೂ ದೂರ ಮಾಡುವುದು. ಓದುತ್ತಿದ್ದವಳು ಓದುವುದನ್ನೇ ನಿಲ್ಲಿಸಿ ಗೋಡೆ ನೋಡುತ್ತಾ ಕೂತರೆ ನಾನು ಈಗಿನದಕ್ಕಿಂತ ಜಾಸ್ತಿ ಗಾಬರಿಯಾಗುತ್ತೇನೆ. ಇವುಗಳಲ್ಲಿ ಯಾವುದಾದರೂ ಕಂಡರೆ ನೇರವಾಗಿ ಕೇಳಿ: 'ಸತ್ತುಹೋಗಬೇಕು ಅಂತ ಯಾವತ್ತಾದರೂ ಅನ್ನಿಸಿದೆಯಾ?' ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂಬುದು ಸುಳ್ಳು. ಕೇಳಿದಾಗ ಮಕ್ಕಳಿಗೆ ಭಾರ ಇಳಿದ ಹಾಗಾಗುತ್ತದೆ. ಹೌದು ಎಂದರೆ ಅವಳನ್ನು ಒಂಟಿಯಾಗಿ ಬಿಡಬೇಡಿ, ಬೈಯಬೇಡಿ. ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಇಲ್ಲವೇ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ಸರ್ಕಾರದ ಉಚಿತ ಸಹಾಯವಾಣಿ, 2022ರ ಅಕ್ಟೋಬರ್‌ನಲ್ಲಿ ಶುರುವಾದದ್ದು. ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೂ ತೆಲುಗಿನಲ್ಲೂ ಮಾತಾಡಬಹುದು.

ನಿಮ್ಮ ಮುಂದೆ ಈಗ ಏನೇನು ದಾರಿ ಇದೆ?

ಕಿತ್ತುಕೊಳ್ಳುವುದು ಒಂದು. ಮೊದಲ ವಾರ ಮನೆ ಶಾಂತವಾಗಿ ಕಾಣುತ್ತದೆ. ಆಮೇಲೆ ಅವಳು ಗೆಳತಿಯ ಮನೆಯಲ್ಲಿ ಓದುತ್ತಾಳೆ, ನಿಮಗೆ ಹೇಳುವುದು ನಿಲ್ಲುತ್ತದೆ. ನಾಳೆ ನಿಜವಾದ ತೊಂದರೆಯಾದಾಗಲೂ ಹೇಳುವುದಿಲ್ಲ. ಅಪಾಯ ಇರುವುದು ಅಲ್ಲಿ. ಏನೂ ಮಾಡದೆ ಸುಮ್ಮನಿರುವುದು ಎರಡನೆಯದು. ಎಷ್ಟೋ ಮಕ್ಕಳು ಓದಿ, ಅತ್ತು, ತಾವೇ ಮುಂದೆ ಹೋಗುತ್ತಾರೆ, ನಿಜ. ಆದರೆ ಅಮ್ಮನ ಮಾತೇ ಬಾರದ ಮನೆಯಲ್ಲಿ ನೀವು ಸುಮ್ಮನಿದ್ದರೆ ಅದನ್ನು ಅವಳು ಇನ್ನೊಂದು ಮೌನ ಎಂದೇ ತಿಳಿಯುತ್ತಾಳೆ.

ನಾನು ಹೇಳುವುದು ಹೀಗೆ. ಮೊದಲು ಫೋಟೋ ಹೊರಗೆ ತನ್ನಿ. ಎಲ್ಲಿ ಹಾಕೋಣ ಎಂದು ಅವಳನ್ನೇ ಕೇಳಿ. ಅವಳಿಗೆ ಇನ್ನೂ ಬೇಡ ಅನ್ನಿಸಿದರೆ ಬೇಡ, ಆದರೆ ಕೇಳಿದ್ದೇ ದೊಡ್ಡದು. ಒಂದು ದಿನ ಅಡುಗೆಗೆ ಕೂತಾಗಲೋ, ಗೂಡು ತರಲು ಹೊರಡುವ ಮುಂಚೆ ಕಾಫಿ ಕುಡಿಯುವಾಗಲೋ, 'ನಿಮ್ಮಮ್ಮ ಇದಕ್ಕೆ ಜಾಸ್ತಿ ಹುಣಸೆ ಹಾಕುತ್ತಿದ್ದಳು' ಎನ್ನುವಂಥ ಒಂದು ಸಣ್ಣ ಮಾತು ಆಡಿ. ದೊಡ್ಡ ಭಾಷಣ ಬೇಡ. ನಿಮಗೆ ಅಳು ಬಂದರೆ ತಡೆಯಬೇಡಿ. ಅಪ್ಪ ಅಳುವುದನ್ನು ನೋಡಿ ಮಕ್ಕಳು ಕುಸಿಯುವುದಿಲ್ಲ, ಅತ್ತ ಅಪ್ಪ ಆಮೇಲೆ ಎದ್ದು ಕೆಲಸಕ್ಕೆ ಹೋಗುವುದನ್ನೂ ನೋಡಿದರೆ.

ಪುಸ್ತಕದ ಮಾತು ತೆಗೆಯಲು ನಿಮಗೆ ಇಂಗ್ಲಿಷ್ ಬರಬೇಕಾಗಿಲ್ಲ. ಬಾರದಿರುವುದೇ ಇಲ್ಲಿ ಅನುಕೂಲ. 'ಅದರ ಕಥೆ ನನಗೆ ಹೇಳು' ಎಂದು ಕೇಳಿ. ಮನೆಮಾತಿನಲ್ಲಿ ಹೇಳಲಿ. ಹೇಳುವವರು ಯಾವುದನ್ನು ಉದ್ದ ಮಾಡುತ್ತಾರೆ, ಯಾವುದನ್ನು ಹಾರಿಸುತ್ತಾರೆ ಎಂಬುದರಲ್ಲೇ ಎಷ್ಟೋ ತಿಳಿಯುತ್ತದೆ. ಆ ಹುಡುಗ ಬಚ್ಚಿಟ್ಟ ನಿಜದ ಹತ್ತಿರ ಬಂದು ಅವಳು ನಿಂತರೆ, ಪ್ರಶ್ನೆ ಹಾಕಬೇಡಿ. ನಿಮಗೂ ಆ ದಿನಗಳಲ್ಲಿ 'ಸಾಕು' ಅನ್ನಿಸಿದ್ದಿದ್ದರೆ, 'ನನಗೂ ಕೆಲವು ದಿನ ಹಾಗನ್ನಿಸಿತ್ತು, ನಿಮ್ಮಮ್ಮನ ಮೇಲೆ ಪ್ರೀತಿ ಇಲ್ಲದ್ದಕ್ಕಲ್ಲ, ದಣಿದಿದ್ದೆ' ಎಂದು ಹೇಳಿ. ಅನ್ನಿಸಿಲ್ಲದಿದ್ದರೆ ಸುಳ್ಳು ಹೇಳಬೇಡಿ, ಸುಮ್ಮನೆ ಕೇಳಿಸಿಕೊಳ್ಳಿ. ಇದರಲ್ಲಿ ಒಂದು ಅಪಾಯ ಇದೆ. ದಿನಾ ಕೇಳಿದರೆ ಅವಳಿಗೆ ಮೌಖಿಕ ಪರೀಕ್ಷೆ ಅನ್ನಿಸುತ್ತದೆ. ಮನಸ್ಸಿಲ್ಲ ಅಂದ ದಿನ ಬಿಟ್ಟುಬಿಡಿ. ಮತ್ತೊಂದು, ಆ ನೋಟ್‌ಬುಕ್ ಇನ್ನು ತೆರೆಯಬೇಡಿ. 'ನಾನು ಯಾರು' ಎಂದು 17ರಲ್ಲಿ ಕೇಳಿಕೊಳ್ಳದೆ ಇನ್ಯಾವಾಗ ಕೇಳಿಕೊಳ್ಳಬೇಕು? ಅವಳ ಜೀವಕ್ಕೆ ಅಪಾಯವಿದೆ ಎಂಬ ಗುರುತು ಕಂಡರೆ ಮಾತ್ರ ಬೇರೆ ಮಾತು.

ಕನ್ನಡದಲ್ಲಿ ಓದಿಸಬಹುದಾ? ಖಂಡಿತ, ಇಂಗ್ಲಿಷಿನ ಬದಲಿಗೆ ಅಲ್ಲ, ಜೊತೆಗೆ. ನಮ್ಮ ಮಾಲೂರು ಕಡೆಯ ಮಾಸ್ತಿಯವರ 'ಸುಬ್ಬಣ್ಣ' ಎಂಬ ಚಿಕ್ಕ ಕಾದಂಬರಿ ಇದೆ, 1928ರದು. ತನ್ನವರನ್ನು ಒಬ್ಬೊಬ್ಬರಾಗಿ ಕಳೆದುಕೊಂಡ ಸಂಗೀತಗಾರ ಆಮೇಲೆ ಏನಾಗುತ್ತಾನೆ ಎಂಬ ಕಥೆ. ಇದನ್ನು ನೀವೂ ಓದಬಹುದು, ಓದಿ ನೀವು ಅವಳಿಗೆ ಕಥೆ ಹೇಳಬಹುದು. ತ್ರಿವೇಣಿಯವರು ಮನಶ್ಶಾಸ್ತ್ರ ಓದಿ ಕಾದಂಬರಿಗೆ ಬಂದವರು, ಹುಡುಗಿಯರ ಮನಸ್ಸಿನ ಒಳಗನ್ನು ಅವರಷ್ಟು ಹತ್ತಿರದಿಂದ ಬರೆದವರು ಆ ಕಾಲದಲ್ಲಿ ಕಡಿಮೆ. ಆದರೆ 'ಶರಪಂಜರ'ದಂಥದ್ದನ್ನು ಈಗಲೇ ಕೈಗೆ ಕೊಡಬೇಡಿ, ಅದರ ಕೊನೆ ಭಾರ. ಊರಿನ ಗ್ರಂಥಾಲಯದಲ್ಲಿ ಕೇಳಿ ನೋಡಿ. ಹಳ್ಳಿಗಳಲ್ಲಿ ಪಂಚಾಯಿತಿಯ ಅರಿವು ಕೇಂದ್ರಗಳೂ ಇವೆ.

ಈಗ ಫೋನು. ನನಗೆ ತಕರಾರು ಇರುವುದು ಇದರ ಮೇಲೆ. ಈ ವಯಸ್ಸಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು. ಒಂದು ಗಂಟೆಗೆ ಮಲಗಿ ಬೆಳಗ್ಗೆ ಕಾಲೇಜಿಗೆ ಓಡುವವಳಿಗೆ ಅಷ್ಟು ಸಿಗುತ್ತಿಲ್ಲ. ನಿದ್ದೆಗೆಟ್ಟವರಿಗೆ ಸಣ್ಣದಕ್ಕೂ ಅಳು ಬರುತ್ತದೆ, ಓದಿದ್ದು ತಲೆಯಲ್ಲಿ ನಿಲ್ಲುವುದಿಲ್ಲ. ಅಂಕ ಕಡಿಮೆಯಾದರೆ ಅದಕ್ಕೆ ಕಾದಂಬರಿಗಿಂತ ಇದೇ ಕಾರಣವಾಗುವ ಸಾಧ್ಯತೆ ಜಾಸ್ತಿ. ರಾತ್ರಿ ಹತ್ತೂವರೆಗೆ ಮನೆಯ ಎಲ್ಲರ ಫೋನೂ ನಡುಮನೆಯಲ್ಲಿ ಚಾರ್ಜಿಗೆ ಹಾಕುವ ನಿಯಮ ಮಾಡಿ. ಎಲ್ಲರದೂ ಅಂದರೆ ನಿಮ್ಮದೂ. ಅಚ್ಚಿನ ಪುಸ್ತಕ ಇದ್ದರೆ ಮಲಗುವ ಮುಂಚೆ ಒಂದರ್ಧ ಗಂಟೆ ಓದಲಿ.

ಫೋನಿನ ಕಥೆಗಳ ಬಗ್ಗೆ ಇನ್ನೊಂದು ಮಾತು. ಅಂಗಡಿಯಲ್ಲಿ ಸಿಗುವ ಕಾದಂಬರಿ ಸಂಪಾದಕರ ಕೈ ದಾಟಿ ಬಂದಿರುತ್ತದೆ. ಆ್ಯಪ್‌ಗಳಲ್ಲಿ ಯಾರು ಬೇಕಾದರೂ ಬರೆಯಬಹುದು. ಒಳ್ಳೆಯದೂ ಇದೆ, ಆದರೆ ಹುಡುಗಿಯನ್ನು ಹೆದರಿಸಿ, ಕಾವಲು ಕಾಯ್ದು, ಹೊಡೆದು 'ಪ್ರೀತಿಸುವ' ನಾಯಕರ ಕಥೆಗಳೂ ರಾಶಿ ಇವೆ. ಜೊತೆಗೆ ಅಪರಿಚಿತರು ಮೆಸೇಜ್ ಮಾಡುವ ಅವಕಾಶ ಇರುತ್ತದೆ. ಅಲ್ಲಿ ಯಾರ ಜೊತೆ ಮಾತಾಡುತ್ತಾಳೆ ಎಂದು ಕೇಳುವುದು ನಿಮ್ಮ ಹಕ್ಕು, ಕೇಳಿ.

ಪ್ರೀತಿಯ ಭಯಕ್ಕೆ ಚಿಕ್ಕ ಉತ್ತರ. 17ನೇ ವಯಸ್ಸಿನಲ್ಲಿ ಯಾರ ಮೇಲಾದರೂ ಮನಸ್ಸಾಗಲು ಕಾದಂಬರಿಯೇ ಓದಬೇಕೆಂದಿಲ್ಲ. ಬೇಡ ಅಂದ ಹುಡುಗಿಯ ಹಿಂದೆ ಬೀಳುವ ಹೀರೋನನ್ನು ನಾವು ಮನೆಮಂದಿಯೆಲ್ಲ ಕೂತು ಟಿವಿಯಲ್ಲಿ ನೋಡಿದ್ದೇವೆ, ಆಗ ಯಾರಿಗೂ ಭಯವಾಗಲಿಲ್ಲ. ಒಳ್ಳೆಯ ಕಾದಂಬರಿಯಲ್ಲಿ ಹುಡುಗಿಗೆ ಬೇಡ ಅನ್ನಲು ಬರುತ್ತದೆ, ಹುಡುಗನಿಗೆ ಅದನ್ನು ಕೇಳಿಸಿಕೊಳ್ಳಲು ಬರುತ್ತದೆ. ಅಮ್ಮನಿಲ್ಲದ ಹುಡುಗಿಗೆ ಇದನ್ನು ಹೇಳಿಕೊಡುವವರು ಯಾರು? ನಿಮಗೆ ಮುಜುಗರವಾದರೆ ಅವಳು ಒಪ್ಪುವ ಚಿಕ್ಕಮ್ಮನೋ, ಮೇಡಮ್ಮೋ ಇದ್ದರೆ ಅವರ ಜೊತೆ ಮಾತಾಡಲು ಬಿಡಿ.

ನೀವು ಮಾತಾಡಿದ ಮೇಲೂ ಒಂದೆರಡು ತಿಂಗಳಲ್ಲಿ ಏನೂ ಹಗುರಾಗದಿದ್ದರೆ, ಅಥವಾ ಕಾಲೇಜು, ಊಟ, ನಿದ್ದೆ ಕೆಟ್ಟರೆ, ಆಪ್ತಸಲಹೆ ಬೇಕು. ಹುಚ್ಚು ಹಿಡಿದವರಿಗೆ ಮಾತ್ರ ಅದು ಎಂಬ ಮಾತಿಗೆ ಕಿವಿಗೊಡಬೇಡಿ. ಚಿಕ್ಕಬಳ್ಳಾಪುರದ ಜಿಲ್ಲಾ ಆಸ್ಪತ್ರೆಯಲ್ಲಿ ಮಾನಸಿಕ ಆರೋಗ್ಯ ವಿಭಾಗ ಕೇಳಿ. ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುವ ಏರ್ಪಾಟಿದೆ, ನಿಮ್ಮ ಆಸ್ಪತ್ರೆಗೆ ಯಾವ ವಾರ ಎಂದು ಮೊದಲೇ ವಿಚಾರಿಸಿಕೊಳ್ಳಿ. ಆದರೆ ಒಂದು ಮಾತು. ಆ ಜಿಲ್ಲಾ ಆಸ್ಪತ್ರೆ ಅವಳಿಗೆ ಅಮ್ಮನ ಡಯಾಲಿಸಿಸ್‌ನ ನೆನಪು ಇರುವ ಕಟ್ಟಡವೇ ಆಗಿದ್ದರೆ, ಮುಂಚೆಯೇ ಹೇಳಿ, ಒಪ್ಪಿಸಿ ಕರೆದುಕೊಂಡು ಹೋಗಿ. ಬೇಡವೆಂದರೆ ಫೋನಿನಲ್ಲೇ ಶುರು ಮಾಡಬಹುದು.

ಪರೀಕ್ಷೆಯ ವಿಷಯದಲ್ಲಿ ಕಾಲೇಜಿನ ಒಬ್ಬ ಅಧ್ಯಾಪಕರಿಗಾದರೂ ಮನೆಯ ಸ್ಥಿತಿ ತಿಳಿಸಿ. ಮಾರ್ಚ್‌ನಲ್ಲಿ ಅಂದುಕೊಂಡಷ್ಟು ಆಗದಿದ್ದರೂ ಮತ್ತೆ ಬರೆಯಲು ಈಗ ಪರೀಕ್ಷೆ 2 ಇದೆ. ಅದನ್ನು ಅವಳಿಗೆ ನೀವೇ ಹೇಳಿದರೆ ಒಳ್ಳೆಯದು.

ನಿಮ್ಮ ಅಕ್ಕನಿಗೆ ಹೇಳಬೇಕಾದದ್ದು ಸ್ವಲ್ಪ ಗಟ್ಟಿಯಾಗಿಯೇ ಇದೆ. 18 ತುಂಬದ ಹುಡುಗಿಗೆ ಮದುವೆ ಮಾಡುವುದು 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯ ಪ್ರಕಾರ ಅಪರಾಧ. ಮಾಡಿಸಿದವರಿಗೂ ಶಿಕ್ಷೆಯಾಗುತ್ತದೆ, ಮಕ್ಕಳ ಸಹಾಯವಾಣಿ 1098ಕ್ಕೆ ಯಾರು ಬೇಕಾದರೂ ದೂರು ಕೊಡಬಹುದು. 18 ತುಂಬಿದ ಮೇಲೂ ದುಃಖದಲ್ಲಿರುವ ಹುಡುಗಿಯನ್ನು ಹೊಸ ಮನೆಗೆ ಕಳಿಸಿದರೆ ದುಃಖ ಇಲ್ಲೇ ಉಳಿದುಬಿಡುವುದಿಲ್ಲ, ಅವಳ ಜೊತೆಗೇ ಹೋಗುತ್ತದೆ. ಅಲ್ಲಿ ಅವಳ ಅಮ್ಮನನ್ನು ಕಂಡವರು ಒಬ್ಬರೂ ಇರುವುದಿಲ್ಲ. ಈ ಮಾತನ್ನು ಅಕ್ಕನಿಗೆ ನೀವೇ ಹೇಳಿ, ಮಗಳಿಗೆ ಕೇಳುವ ಹಾಗೆ ಹೇಳಿದರೂ ಅಡ್ಡಿಯಿಲ್ಲ.